ನಸಿಕಿಲೆ ನಾಕಕ್ಕ

ಹದಿಮೂರು ದಿನಾ ಆತು ನಳಾ ಬಂದು.
ಬೆಟಗೇರ್ಯಾಗ ನೀರು ಯಾವಾಗ ಅನ್ನೂದು
ನಗರಸಭೆಗಿಂತ ಮೊದಲ ಅಂದಾನಪ್ಪಗ ಗೊತ್ತು.
ವಾಲ್ವಮನ್ ಕೂಡ ಚಾ ಕುಡದು
ತನ್ನ ಸುದ್ದಿ ಪುಟದಾಗ ಬರೀತಾನ:
ಈ ಓಣಿಗೆ ನಸಿಕಿಲೆ ನಾಕಕ್ಕ.

ಅದೊಂದು ಸಾಲು ಓದಾಕ
ಹೊಟ್ಟಿ ಕರಗಸೂ ಪುಡಿ ದಾಟಬೇಕು, ರಮ್ಮಿ ದಾಟಬೇಕು.
ಒಮ್ಮೆ ಮಗಳು ಒತ್ತಬಾರದ್ದು ಒತ್ತಿ
ನೂರಾ ತೊಂಬತ್ತೊಂಬತ್ತು ರೂಪಾಯಿ ಹೋತು.
ಮೊಬೈಲ್ ರಿಪೇರಿ ದಾದಾಪೀರ
ಇಪ್ಪತ್ತು ರೂಪಾಯಿ ತೊಗೊಂಡು ತಡಿಕಿ ಕಟ್ಟಿಕೊಟ್ಟ.
ಪರದೆ ಒಗದ ಧೋತರಧಂಗ ಆತು.
ಓಣಿ ತುಂಬ ಹೇಳಿದೆ.
ಓಣಿ ತುಂಬ ಕಟ್ಟಿಸಿದ್ರು.

ಹ್ವಾದ ಸೋಮವಾರ ಅಂದಾನಪ್ಪ ಬರೀಲಿಲ್ಲ.
ನೀರು ರಾತ್ರಿ ಎರಡಕ್ಕ ಬಂದು ನಾಕಕ್ಕ ಹೋತು.
ನಾ ಮಲಗಿದ್ದೆ. ಕೊಡಾನೂ ಬೋರಲ ಮಲಗಿತ್ತು.

ಕೇಳಾಕ ಹೋದೆ. ಛಾಪಖಾನಿಯೊಳಗ
ಮದವಿ ಕಾರ್ಡು ಎಣಿಸಿಕೋಂತ ಕುಂತಿದ್ದ.
"ನೀವು ನೋಡಿದಷ್ಟು ಪೈಸೆ ಬರತಿತ್ರಿ ಅಕ್ಕಾರ,
ಪುಡಿಯವಂದು, ರಮ್ಮಿಯವಂದು.
ನನಗೂ ಅವು ಸೇರೂದಿಲ್ಲ.
ಆದ್ರ ವಾಲ್ವಮನ್ನನ ಚಾ ಅವರದ ಆಗಿತ್ತು."

ಮಗ್ಗದ ಮುಂದ ಕುಂತ್ರ ಲಾಳಿ ಓಡಲಿಲ್ಲ.
ನಾ ನೇದ ಸೀರಿ ಉಟಗೊಂಡು
ಬೆಲಿ ಕೇಳೂಮುಂದ ಯಾರರ ಬಾಗಲಾ ಹಾಕಿಕೊಂಡ್ರ?
ಖರೆ.
ಆದ್ರ ನಾ ಸೀರಿ ಮಡಿಕ್ಯಾಗ
ಚೇಳು ಇಟ್ಟು ಮಾರೂದಿಲ್ಲಲ್ಲ.

ಇವತ್ತು ದಾದಾಪೀರಗ ಹೇಳಿ
ಅಂದಾನಪ್ಪಗೊಬ್ಬಗ ತಡಿಕಿ ತೆಗಿಸೇನಿ.
ಹಿಂದ ರಮ್ಮಿನೂ ಬಂದು ಕುಂತದ,
ಕರೀದ ಬೀಗರಧಂಗ.
ಮಗಳ ಕೈಯಾಗ ಮೊಬೈಲ್ ಕೊಡಂಗಿಲ್ಲ.

ಕೊಡಾ ತೊಳದು ಇಟ್ಟೇನಿ.
ನಾಕಕ್ಕ ಅಂತ ಬರದಾನ, ನೋಡೂಣು.