ಸೌಟಿಲ್ಲದ ಕೈ

ಬುಧವಾರ. ಸಂಜೆ ನಾಲ್ಕಕ್ಕೇ ಕತ್ತಲು.
ಮಾಲ್ಮೋ ಊರಿನ ನವೆಂಬರ್ ಅಂದರೆ ಹಾಗೆಯೇ,
ಹಗಲನ್ನು ದೀಪ ಹಚ್ಚಿಕೊಂಡು ಮುಗಿಸಬೇಕು.

ನಾನು ಬಂದದ್ದು ಹಬ್ಬಕ್ಕಲ್ಲ.
ನನ್ನ ಒಲೆಗಳನ್ನು ಯಾರೂ ಕೆಡಿಸದಿರಲಿ ಅಂತ,
ದೊಡ್ಡ ಕೊಳಗದ ತಳ ಹತ್ತದಿರಲಿ ಅಂತ,
ಬೀಗದ ಕೈ ನನ್ನ ಹತ್ತಿರವೇ ಇರುತ್ತೆ ಅಂತ.

ಹತ್ತೊಂಬತ್ತು ವರ್ಷ ಈ ಶಾಲೆಯ ಅಡುಗೆಮನೆ.
ಮಕ್ಕಳನ್ನು ನಾನು ಮುಖದಿಂದ ಅರಿತವಳಲ್ಲ,
ತಟ್ಟೆಯಿಂದ:
ಬಟಾಣಿಯನ್ನೆಲ್ಲ ಅಂಚಿಗೆ ಸಾಲು ಹಚ್ಚುವವನು ಫಿಲ್ಮೋನ್,
ಮೀನಿಗೆ ಮೂಗು ಮುರಿದು
ಆಲೂಗಡ್ಡೆಗೆ ಎರಡನೇ ಸಲ ಬರುವವಳು ಎಮಿನಾ,
ಮತ್ತೆ ಯಾಮನ್.
ಮೂರು ವರ್ಷದಿಂದ ಬರೀ ಒಣ ರೊಟ್ಟಿ, ಮೇಲಿಷ್ಟು ಬೆಣ್ಣೆ.
ಅವನ ತಟ್ಟೆಯನ್ನು ತೊಳೆಯುವುದೇ ಬೇಡ.
‘ಒಂದೇ ತುತ್ತು, ರುಚಿ ನೋಡು ಅಷ್ಟೇ’
ಅಂದಿದ್ದೇನೆ, ಲೆಕ್ಕ ಹಾಕಿದರೆ ಐನೂರು ಸಲ.
ಐನೂರು ಸಲವೂ ಅವನು ನನ್ನ ಸೌಟಿನೊಳಗೆ ಇಣುಕಿದ್ದಾನೆ,
ಹಾಳುಬಾವಿಗೆ ಇಣುಕುವವರ ಹಾಗೆ.

ಈ ಸಂಜೆ ವ್ಯಾಯಾಮದ ಹಾಲಿನಲ್ಲಿ
ಹತ್ತುವ ಹಗ್ಗಗಳನ್ನು ಮೇಲೆತ್ತಿ ಕಟ್ಟಿ
ಮೇಜಿಗೊಂದು ದೇಶ, ದೇಶಕ್ಕೊಂದು ಕಾಗದದ ಬಾವುಟ.
ನಮ್ಮ ಸ್ವೀಡನ್ನಿನ ಮೇಜಿನ ಮೇಲೆ
ಅಂಗಡಿಯಿಂದ ತಂದ ದಾಲ್ಚಿನ್ನಿ ಬನ್ನು,
ಬೆಲೆಯ ಚೀಟಿ ಕಿತ್ತಿರಲಿಲ್ಲ.
ಬಿಳಿ ಟೋಪಿ ಇಲ್ಲದ ನನ್ನನ್ನು
ಎಷ್ಟೋ ಮಕ್ಕಳು ದಾಟಿಕೊಂಡೇ ಹೋದರು.
ಒಬ್ಬಳು ಪುಟಾಣಿ ಮಾತ್ರ ನಿಂತು, ಬಾಯಿ ತೆರೆದು,
‘ಅಮ್ಮಾ, ಊಟದ ಗುನ್ವೋರ್‌ಗೆ ಕೂದಲಿದೆ!’

ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಾದರೇನು ಅನ್ನುತ್ತಾರೆ.
ಬಡಿಸಿಕೊಂಡು ಅಭ್ಯಾಸವಿಲ್ಲದವಳಿಗೆ
ಯಾವ ಪಂಕ್ತಿಯೂ ಒಂದೇ.
ಖಾಲಿ ತಟ್ಟೆ ಹಿಡಿದ ಕೈ ನನ್ನದೇ ಅನ್ನಿಸಲಿಲ್ಲ,
ಇನ್ನೊಂದು ಕೈ ಗಾಳಿಯಲ್ಲಿ ಸೌಟು ಹುಡುಕುತ್ತಿತ್ತು.

‘ಏಯ್, ಸಾಲಿನಲ್ಲಿ ಬಾ.’
ಮೇಜಿನ ಆಚೆ ಯಾಮನ್.
ಅವನ ತಾಯಿಯ ಏಪ್ರನ್ ಅವನ ಮೊಣಕಾಲಿಗೆ ಬರುತ್ತಿತ್ತು.
ಕೊಳಗದಲ್ಲಿ ಏನೋ ಕಡುಹಸಿರು ಸೊಪ್ಪು,
ಎತ್ತಿದರೆ ಲೋಳೆ, ಬಿಟ್ಟರೆ ದಾರ.
‘ಮುಲೂಖಿಯಾ,’ ಅಂದ, ‘ನಮ್ಮಜ್ಜಿ ಮಾಡೋದು ಇನ್ನೂ ಚೆನ್ನಾಗಿರುತ್ತೆ.’
ಅಜ್ಜಿ ಎಲ್ಲಿ ಎಂದು ನಾನು ಕೇಳಲಿಲ್ಲ.
ಅವನ ತಾಯಿ ಅನ್ನ ಕೆದಕುತ್ತಾ ಇದ್ದವಳು
ಒಂದು ಕ್ಷಣ ಕೆದಕುವುದನ್ನು ನಿಲ್ಲಿಸಿದ್ದಳು.

ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆನೋ ಏನೋ.
ಹುಡುಗ ಸೌಟನ್ನು ಮುಂದೆ ಚಾಚಿ
ತಲೆ ಒಂದಿಷ್ಟು ಓರೆ ಮಾಡಿ,
ಥೇಟ್ ನನ್ನ ಧ್ವನಿ, ನನ್ನದೇ ಹಳ್ಳಿ ರಾಗ:
‘ಒಂದೇ ತುತ್ತು, ರುಚಿ ನೋಡು ಅಷ್ಟೇ.’

ತಿಂದೆ.
ಸುಳ್ಳು ಹೇಳಲಾರೆ. ಬೆಳ್ಳುಳ್ಳಿಯವರೆಗೆ ಸರಿ,
ಆಮೇಲೆ ಗಂಟಲು ಬೇಡ ಅಂದಿತು,
ನಾಲಿಗೆ ಎಲ್ಲಿ ಅಡಗಲಿ ಅಂತ ನೋಡಿತು.
ಎರಡನೇ ತುತ್ತು. ಮೂರನೆಯದನ್ನು
ಅನ್ನದ ಕೆಳಗೆ ಸರಿಸಿ ಮುಚ್ಚಿದೆ.
ಅವನು ನೋಡುತ್ತಿದ್ದ.
ನನ್ನ ಮುಖವನ್ನಲ್ಲ, ತಟ್ಟೆಯನ್ನು.

ಗುರುವಾರ ಎಂದಿನ ಹಾಗೆ ಬಟಾಣಿ ಸೂಪು.
ಯಾಮನ್ ಟ್ರೇ ಹಿಡಿದು ಬಂದ, ಸೌಟೆತ್ತಿದೆ,
‘ಒಂದೇ...’ ಅಂದವಳು ಅಲ್ಲಿಗೇ ನುಂಗಿಕೊಂಡೆ.
ರೊಟ್ಟಿ ತೆಗೆದುಕೊಂಡ. ಬೆಣ್ಣೆ ಬಳಿದುಕೊಂಡ.
ಹೊರಟವನು ತಿರುಗಿ ಬಂದು
ಕಟ್ಟೆಯ ಮೇಲೆ ಗದ್ದ ಊರಿ ಕೇಳಿದ:
‘ಅಮ್ಮ ಕೇಳು ಅಂದಳು,
ನಿನ್ನೆ ನೀನು ಯಾಕೆ ಬಿಟ್ಟೆ?’

ಅವನ ಹಿಂದೆ ನಲವತ್ತು ಹಸಿದ ಹೊಟ್ಟೆ.
ಸೂಪು ಕುದಿಯುತ್ತಿತ್ತು.