ಏಳನೆಯ ದಿನದ ಮೀನು

ಇಪ್ಪತ್ತಾರು ವರ್ಷ ಏಡಿ ಬಿಡಿಸಿದ್ದೇನೆ
ಕಾಲ್ಬುಕೋದ ಕಾರ್ಖಾನೆಯಲ್ಲಿ, ನಿಂತೇ.
ಮಾಂಸ ತಟ್ಟೆಗೆ, ಚಿಪ್ಪು ಬಕೆಟ್ಟಿಗೆ,
ರಕ್ತ ಎಲ್ಲಿ ಬಿತ್ತೋ ಯಾರೂ ತೂಗಲಿಲ್ಲ.
ಮನೆಗೆ ಮರಳುವ ಬಸ್ಸಿನಲ್ಲಿ
ನನ್ನ ಪಕ್ಕದ ಸೀಟು ಸದಾ ಖಾಲಿ.
ಅದೊಂದು ಸೌಕರ್ಯ ಅಂದುಕೊಂಡೆ.

ಮಗಳು ನಯಾದೆತ್ ಪ್ವೆರ್ತೊ ಮೋಂತ್‌ನಿಂದ ಬಂದು
ನಾರುವ ಆ ಗುಡ್ಡೆಯನ್ನೇ ಮೂಟೆ ಕಟ್ಟಿದಳು.
"ಸತ್ತವರ ಬಟ್ಟೆ ಏನು ಮಾಡ್ತೀಯೆ?"
"ಒಗೀತೀನಮ್ಮಾ."

ಆಮ್ಲದಲ್ಲಿ ನೆನೆಸಿದರೆ
ಸುಣ್ಣ ನೊರೆಯಾಗಿ ಹೋಯಿತಂತೆ.
ಕ್ಷಾರದಲ್ಲಿ ಕುದಿದು ಕುದಿದು
ಮಾಂಸದ ಕೊನೆಯ ಋಣವೂ ಹರಿಯಿತಂತೆ.
ಉಳಿದದ್ದು ಆಲೂಗಡ್ಡೆ ಹಿಟ್ಟಿನಂಥ ಬಿಳಿ ಹುಡಿ.
ಅದನ್ನು ವಿನೆಗರಿನಲ್ಲಿ ಕರಗಿಸಿ
ನಮ್ಮ ಬೇಲಿಯ ಮುರ್ತಾ ಎಲೆಯ ಕಷಾಯ ಬೆರೆಸಿ
ಗಾಜಿನ ಮೇಲೆ ಹೊಯ್ದು ಎರಡು ದಿನ ಕಾದಳು.

ಮುರ್ತಾ! ಹಲ್ಲುನೋವಿಗೆ ಅತ್ತೆ ಅಗಿಯಲು ಕೊಡುತ್ತಿದ್ದ ಎಲೆ.
ವಿಶ್ವವಿದ್ಯಾಲಯಕ್ಕೆ ಈಗ ಹಲ್ಲು ಬಂತು.

ಉಸಿರು ಹಿಡಿದು ಸುಲಿದಳು,
ಬಿಸಿಲಿಗೆ ಸುಟ್ಟ ಹೆಗಲಿನ ಪೊರೆ ಕಳಚುವ ಹಾಗೆ.
ತೆಳು, ಜೇನುಬಣ್ಣ.
ಎತ್ತಿ ಹಿಡಿದರೆ ಅದರಾಚೆ ಕಿಟಕಿ, ದೋಣಿ, ಕೊಲ್ಲಿ,
ಎಲ್ಲಕ್ಕೂ ಕಾಮಾಲೆ.

"ಸೂಕ್ಷ್ಮಾಣು ಇದಕ್ಕೆ ತಾಗಿದರೆ
ಅದರ ಗೋಡೆ ಸೀಳಿ ಒಳಗಿನದು ಸೋರುತ್ತೆ."
ನಂಬಲಿಲ್ಲ.
ಏಡಿ ಬದುಕಿದ್ದಾಗ ಕಚ್ಚುತ್ತೆ,
ಸತ್ತು, ಬೆಂದು, ಹುಡಿಯಾದ ಮೇಲೂ ಕಚ್ಚುತ್ತೇನು?
ನನ್ನ ಹೆಬ್ಬೆರಳು ನೋಡಿಕೊಂಡೆ.
ಕಚ್ಚುತ್ತೆ.

ಮೆರ್ಲೂಸಾ ಮೀನಿನ ಎರಡು ತುಂಡು ಫ್ರಿಜ್ಜಿನಲ್ಲಿ:
ಒಂದಕ್ಕೆ ಅಂಗಡಿಯ ಪ್ಲಾಸ್ಟಿಕ್, ಒಂದಕ್ಕೆ ಈ ಪೊರೆ.
ಏಳನೆಯ ದಿನ ತೆಗೆದೆವು.
ಪ್ಲಾಸ್ಟಿಕ್ಕಿನದು ಲೋಳೆ.
ಇನ್ನೊಂದು ನಿನ್ನೆ ಹಿಡಿದಷ್ಟು ಬಿಗಿ;
ಪೊರೆ ನೀರು ಕುಡಿದು ಸಡಿಲಾದ ಅಂಚಿನಲ್ಲಿ ಮಾತ್ರ
ಒಂದು ಬೆರಳಗಲ ಮಂಕು.
ಮೊದಲು ಅದನ್ನೇ ಬರೆದುಕೊಂಡಳು.

ಬೆಕ್ಕು ಎರಡನ್ನೂ ಮೂಸಿ
ಲೋಳೆಯ ಕಡೆಗೇ ನಡೆಯಿತು.
"ಅದರ ಅಭಿಪ್ರಾಯ ಸೇರಿಸೋಲ್ಲ" ಅಂದಳು ಮಗಳು.

ಮೀನು ಹುರಿದು ತಿಂದೆವು. ಪೊರೆಯನ್ನು
ಹಿತ್ತಲ ಆಲೂಗಡ್ಡೆ ಪಾತಿಯಲ್ಲಿ ಹೂತೆ.
ತಿಂಗಳು ಬಿಟ್ಟು ಕೆದಕಿದೆ: ಮಣ್ಣು, ಎರೆಹುಳು,
ಮತ್ತೆ ಯಾವ ಕಾಲದ್ದೋ ಒಂದು ಚಾಕಲೇಟಿನ ಕವರು, ಹೊಸದರ ಹಾಗೆ.

ಸೋಮವಾರ ಕೆಲಸಕ್ಕೆ ನಿಂತಾಗ
ಚಿಪ್ಪನ್ನು ಬಕೆಟ್ಟಿಗೆ ಎಸೆಯಲಾಗಲಿಲ್ಲ,
ಇಟ್ಟೆ.
"ಕೈ ನೋವೇ, ಎದುವಿನಾ?" ಅಂದ ಮೇಲ್ವಿಚಾರಕ.
ಕೈ ಲೆಕ್ಕ ಹಾಕುತ್ತಿತ್ತು:
ಮಾಂಸಕ್ಕೆ ಕಿಲೋಗಿಷ್ಟು ಅಂತ ಕೊಡ್ತೀರಿ.
ಇದಕ್ಕೆ?