ಅಡಗಿಮನಿ ಗೆರಿ

ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ
ಆರೂವರಿಗೇ ಮಾಳಮಡ್ಡಿ ಮುಟ್ಟತಾಳ ಅನುಸೂಯಾಬಾಯಿ ಕಾಟವೆ.
ಕೈಚೀಲದಾಗ ಬ್ಯಾಟು, ಮಣಕಾಲಿಗೆ ಪಟ್ಟಿ.
ಬಂದಾಕಿನ ಮೊದಲು ನಮ್ಮೂರ ಗಾಳಿ ಬಯ್ಯತಾಳ.

ರೈಲ್ವೆ ಟಿಕೀಟಿನ ಕಿಟಕಿಯಾಗ ಮೂವತ್ತೊಂದು ವರ್ಷ ಕುಂತಾಕಿ.
ಯಾವ ಸ್ಟೇಶನ್ನು ಸಮುದ್ರಕ್ಕಿಂತ ಎಷ್ಟು ಎತ್ತರ,
ಹಳದಿ ಬೋರ್ಡು ನೋಡದನ ಹೇಳತಾಳ.
‘ನಮ್ಮೂರಕಿಂತ ನಿಮ್ಮೂರು ನೂರು ಮೀಟರ್ ಮ್ಯಾಲ ಐತಿ,
ಗಾಳಿ ತೆಳುವು,
ಅದಕ್ಕ ನನ್ನ ಚೆಂಡು ಹೊರಗ ಬೀಳತೈತಿ.’
ಭಾಳ ಸೋತ ದಿನ ನೂರಾಹತ್ತು.
ಗೆದ್ದ ದಿನ ಮಾತ್ರ ಧಾರವಾಡಕ್ಕ ಎತ್ತರನ ಇರೂದಿಲ್ಲ.

ನಾನೋ, ಪಿಕಲ್ ಅಂದಕೂಡ್ಲೆ
ಉಪ್ಪಿನಕಾಯಿ ಕ್ಲಾಸು ಅಂತ ತಿಳದು ಹೆಸರು ಹಚ್ಚಿದಾಕಿ.
ಬಂದು ನೋಡಿದ್ರ ಹಳೇ ಬ್ಯಾಡ್ಮಿಂಟನ್ ಅಂಗಳ,
ಸುಣ್ಣದ ಹೊಸ ಗೆರಿ,
ಬೂಂದಿ ಝಾರಿ ಮಡಚಿ ಉಂಡಿ ಕಟ್ಟಿದಂಗ
ಮೈತುಂಬ ತೂತಿನ ಒಂದು ಚೆಂಡು.
ಕೆಲಗೇರಿ ಕಡಿಂದ ಬರೂ ಗಾಳಿ
ಒಂದು ತೂತಿನಾಗ ಹೊಕ್ಕು ಇನ್ನೊಂದರಾಗ ಹೊರಬಿದ್ದು
ಅದನ್ನ ತನಗ ಬೇಕಾದಲ್ಲೆ ಒಯ್ಯತಿತ್ತು.

ಆಟ ಕಲಸೂ ಹುಡುಗ ಇಲಿಯಾಸ ತೋರಿಸಿದ:
‘ಅವ್ವಾರ, ಬಲೆಯ ಈ ಕಡೆ ಏಳು ಅಡಿ, ಆ ಕಡೆ ಏಳು ಅಡಿ,
ಇದಕ್ಕ ಅಡಗಿಮನಿ ಅಂತಾರ.
ಚೆಂಡು ನೆಲಕ್ಕ ಪುಟಿಯೂಕಿಂತ ಮೊದಲ
ಇದರಾಗ ನಿಂತು ಹೊಡದ್ರ ತಪ್ಪು.’

ನಗು ತಡಕೊಳ್ಳಾಕ ಆಗಲಿಲ್ಲ.
ಹಾಸ್ಟೆಲ್ ಮೆಸ್ಸಿನಾಗ ಇಪ್ಪತ್ತಾರು ವರ್ಷ,
ದಿನಕ್ಕ ಇನ್ನೂರು ತಾಟು.
ಅಡಗಿಮನಿ ಬಿಟ್ಟು ಹೊರಗ ಕಾಲಿಟ್ರ ತಪ್ಪಿತ್ತು.
ಅರವತ್ತೆರಡಕ್ಕ
ತಪ್ಪು ಮಗ್ಗಲಾ ಬದಲಿಸೇತಿ.

ಮೊನ್ನೆ ಮಂಗಳವಾರ.
ಅವರು ಹತ್ತು, ನಾವು ಎಂಟು, ಸರ್ವಿಸು ಅವರದು.
ಅನುಸೂಯಾಬಾಯಿ ಚೆಂಡು ಮ್ಯಾಲಕ್ಕ ಎತ್ತಿದಳು.
ಗಾಳಿ ಅದನ್ನ ಅರೆಗಳಿಗೆ ಹಿಡಕೊಂತು,
ಮಗಿಂದ ನೀರು ಕುಡಿಯಾವ ಉಸುರು ಹಿಡದಂಗ.
ನನ್ನ ಜೊತಿಗಾತಿ ನೀಲಾಂಬಿಕಾ ‘ಬಿಡು, ಬಿಡು’ ಅಂದಳು.
ಕಾಲು ಕೇಳಬೇಕಲ್ಲ.
ಹಾಲು ಉಕ್ಕೂ ವಾಸನಿ ಬಡದಂಗ ತಾವ ಒಳಗ ಓಡಿದುವು,
ಹೊಡದೆ ನೋಡು,
ಜೋಳದ ಹಿಟ್ಟಿಗೆ ಬಡಿಯೂ ಕೈ ಅದು,
ಚೆಂಡು ಅವರ ಇಬ್ಬರ ನಡುವ ಸಿಡದು ಬೇಲಿಗೆ ತಾಗಿತು.

‘ತಪ್ಪು’ ಅಂದ ಇಲಿಯಾಸ, ಮೆತ್ತಗ.

ಬಗ್ಗಿ ನೋಡಿದ್ರ ಬೂಟಿನ ತುದಿಗೆ
ಗೆರಿಯ ಸುಣ್ಣ, ಹಿಟ್ಟಿನಂಗ.
ಒರಸಾಕ ಸೆರಗು ಹುಡಕಿದೆ. ಮೈಮ್ಯಾಲ ಇದ್ದದ್ದು ಚೂಡಿದಾರ.

ಅನುಸೂಯಾಬಾಯಿ ಬಲೆತನಕ ಬಂದು
ಬಾಟ್ಲಿ ಚಾಚಿದಳು, ತೇಕುತ್ತ:
‘ನಿಂದಲ್ಲ ಬಿಡ ತಂಗಿ, ಗಾಳಿ ತೆಳುವು.
ನೂರು ಮೀಟರ್ ಅಂದ್ರ ಸುಮ್ಮನ ಅಲ್ಲ.’

ಗೆದ್ದ ದಿನ ಆಕಿ ಹಂಗಂದದ್ದು ಅದ ಮೊದಲು.
ಬಾಟ್ಲಿಯೊಳಗ ಹುಬ್ಬಳ್ಳಿ ನೀರು,
ಇನ್ನೂ ತಣ್ಣಗಿತ್ತು.